ಚೊಂಬಿನ ಲೆಕ್ಕ, ತೋಟದ ಲೆಕ್ಕ: ಎರಡು ದಿನದ ನೀರಿನ ಶಿಬಿರಕ್ಕೆ ಹೋಗಿ ಬಂದೆ

ಹೊಸನಗರ ತಾಲ್ಲೂಕಿನ ನಮ್ಮ ಊರಿನಿಂದ ಲಿಂಗನಮಕ್ಕಿ ಹಿನ್ನೀರಿಗೆ ಎಂಟೇ ಕಿಲೋಮೀಟರ್. ಅಂಗಳದ ಹಾವಸೆಯ ಮೇಲೆ ಯಾರಾದರೊಬ್ಬರು ಜಾರಿ ಬೀಳದ ಮಳೆಗಾಲವೇ ಇಲ್ಲ. ಆದರೂ ಏಪ್ರಿಲ್ ಅರ್ಧಕ್ಕೆ ನಮ್ಮ ಬಾವಿಯ ತಳ ಕಾಣುತ್ತದೆ, ಟ್ಯಾಂಕರ್ ಸದ್ದಿಗೆ ಕಿವಿ ಕೊಟ್ಟು ಕೂರುತ್ತೇವೆ. ಹಾಗಾಗಿ ಅಂಗನವಾಡಿಯ ಗೋಡೆಯ ಮೇಲೆ ‘ಜಲ ಸಾಕ್ಷರತಾ ಶಿಬಿರ, ಎರಡು ದಿನ, ಊಟ ಸೇರಿ 150 ರೂಪಾಯಿ’ ಎಂಬ ಚೀಟಿ ಕಂಡಾಗ ಹೆಸರು ಬರೆಸಿದೆ. ನಡೆಸಿದ ಸಂಸ್ಥೆಯ ಹೆಸರನ್ನು ಬರೆಯುವುದಿಲ್ಲ. ಬೈಗುಳ ಸ್ವಲ್ಪ ಹೆಚ್ಚಾಗಬಹುದು, ಬಂದಿದ್ದ ಹುಡುಗ ಹುಡುಗಿಯರಾದರೋ ಒಳ್ಳೆಯವರು.

ಮೊದಲ ದಿನದ ಬೆಳಗ್ಗೆ ವ್ಯರ್ಥ. ಶಾಲೆಯ ಹಾಲ್‌ನಲ್ಲಿ ಪರದೆ ಕಟ್ಟಿ ಚಿತ್ರ ತೋರಿಸಿದರು. ಬಿರುಕು ಬಿಟ್ಟ ಕಪ್ಪು ನೆಲ, ತಲೆಯ ಮೇಲೆ ಮೂರು ಮೂರು ಕೊಡ ಹೊತ್ತು ಮರಳಲ್ಲಿ ನಡೆಯುವ ಹೆಂಗಸರು. ಪಾಪ ಎನಿಸಿತು, ಆದರೆ ಅದು ನಮ್ಮ ಕಷ್ಟವಲ್ಲ. ನಮಗೆ ಮಳೆ ಬರುವುದಿಲ್ಲ ಎಂಬ ಚಿಂತೆ ಇಲ್ಲ, ಬಂದದ್ದು ನಿಲ್ಲುವುದಿಲ್ಲ ಎಂಬುದೇ ಚಿಂತೆ. ನಾಲ್ಕು ತಿಂಗಳು ಸುರಿದದ್ದರಲ್ಲಿ ಬಹುಪಾಲು ಇಳಿಜಾರಿನಲ್ಲಿ ಓಡಿ ಹಳ್ಳ ಸೇರಿ, ದೀಪಾವಳಿಯ ಹೊತ್ತಿಗೆ ಶರಾವತಿಯ ಪಾಲಾಗಿರುತ್ತದೆ. ಅದರ ಒಂದು ಚಿತ್ರವೂ ಇರಲಿಲ್ಲ. ಆಮೇಲೆ ‘ಷವರ್ ಬಿಟ್ಟು ಬಕೆಟ್‌ನಲ್ಲಿ ಸ್ನಾನ ಮಾಡಿ’ ಎಂಬ ಉಪದೇಶ. ಹಿಂದಿನ ಸಾಲಿನಲ್ಲಿದ್ದ ಮೇಲಿನಮನೆ ಅತ್ತಿಗೆ, “ನಮ್ಮ ಬಚ್ಚಲಲ್ಲಿ ಹಂಡೆ ಬಿಟ್ಟರೆ ಇನ್ನೇನಿದೆಯಪ್ಪಾ?” ಎಂದು ಜೋರಾಗಿಯೇ ಕೇಳಿದರು.

ಶಿಬಿರಕ್ಕೆ ಜೀವ ಬಂದದ್ದು ಪರದೆ ಇಳಿಸಿ ಅಂಗಳಕ್ಕೆ ಕರೆದ ಮೇಲೆ. ಎಣ್ಣೆಯ ಎರಡು ತಗಡಿನ ಡಬ್ಬಗಳನ್ನು ಉದ್ದಕ್ಕೆ ಸೀಳಿ, ಮಣ್ಣು ತುಂಬಿ, ಓರೆಯಾಗಿ ಇಟ್ಟಿದ್ದರು. ಒಂದರ ಮಣ್ಣು ಬೋಳು, ಇನ್ನೊಂದರ ಮೇಲೆ ನಾಲ್ಕು ಬೆರಳು ದಪ್ಪ ದರಗು, ಅಂದರೆ ಉದುರಿದ ಒಣ ಎಲೆ. ಎರಡಕ್ಕೂ ಒಂದೊಂದು ಬಿಂದಿಗೆ ನೀರು. ಬೋಳು ಮಣ್ಣಿನ ನೀರು ಸುರಿದಷ್ಟೇ ವೇಗದಲ್ಲಿ ಕೆಂಪಾಗಿ ಕೆಳಗಿಳಿಯಿತು. ದರಗಿನ ಡಬ್ಬದಿಂದ ಸುಮಾರು ಹೊತ್ತು ಏನೂ ಬರಲಿಲ್ಲ. ಆಮೇಲೆ ತಿಳಿಯಾದ ನೀರು ತೊಟ್ಟಿಕ್ಕತೊಡಗಿತು, ಊಟ ಮುಗಿಸಿ ಬಂದಾಗಲೂ ತೊಟ್ಟಿಕ್ಕುತ್ತಲೇ ಇತ್ತು. ಕೆಳಮನೆಯ ಅಜ್ಜ ಅದನ್ನೇ ನೋಡುತ್ತ, “ನಾವು ಸೊಪ್ಪಿನಬೆಟ್ಟದ ದರಗನ್ನೆಲ್ಲ ಗುಡಿಸಿ ಕೊಟ್ಟಿಗೆಗೆ ತಂದು ಬೆಟ್ಟವನ್ನು ಆ ಡಬ್ಬದ ಹಾಗೆ ಮಾಡಿದ್ದೇವೆ” ಎಂದು ಬೋಳು ಡಬ್ಬದ ಕಡೆ ಕೈ ತೋರಿಸಿದರು. ಎಲ್ಲರೂ ಸುಮ್ಮನಾದರು. ಗೊಬ್ಬರಕ್ಕೆ ದರಗು ಬೇಕು, ಬಾವಿಗೂ ದರಗೇ ಬೇಕು. ಇದನ್ನು ಹಿಡಿದು ಒಂದು ಗಂಟೆ ಮಾತಾಡಿಸಬಹುದಿತ್ತು. ತರಬೇತಿಯವರು ಗಡಿಯಾರ ನೋಡಿ ಮುಂದಿನ ಪಾಠಕ್ಕೆ ಹೋದರು.

ಮುಂದಿನದು ಸೂರಿನ ಲೆಕ್ಕ. ಒಂದು ಚದರ ಮೀಟರ್ ಜಾಗಕ್ಕೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಮ್ಮ ಮಾವನವರು ಮಳೆಯನ್ನು ಇಂಚಿನಲ್ಲಿ ಬರೆದಿಡುತ್ತಿದ್ದ ಡೈರಿ ಮನೆಯಲ್ಲಿದೆ. ವರ್ಷಕ್ಕೆ 120 ಇಂಚು ಎಂದೆ. ಏಳನೇ ತರಗತಿಯ ಹುಡುಗಿಯೊಬ್ಬಳು ಸಿಮೆಂಟ್ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದಳು: ಸುಮಾರು 3,000 ಮಿಲಿಮೀಟರ್, ಸೂರು 100 ಚದರ ಮೀಟರ್, ಒಟ್ಟು ಮೂರು ಲಕ್ಷ ಲೀಟರ್. ಹಳ್ಳಿಯ ಮನೆಮನೆಗೆ ನಲ್ಲಿ ನೀರು ಕೊಡಲು 2019ರಲ್ಲಿ ಆರಂಭವಾದ ಕೇಂದ್ರದ ಯೋಜನೆ ಜಲ ಜೀವನ್ ಮಿಷನ್ ಇಟ್ಟುಕೊಂಡ ಅಳತೆ ತಲೆಗೆ ದಿನಕ್ಕೆ 55 ಲೀಟರ್. ನಾಲ್ಕು ಜನರಿಗೆ 220, ವರ್ಷಕ್ಕೆ 80,300. ಅಂದರೆ ಒಂದು ಮಳೆಗಾಲದಲ್ಲಿ ನಮ್ಮ ಸೂರಿನ ಮೇಲೆ ಬಿದ್ದದ್ದು ಮನೆಗೆ ಮೂರೂವರೆ ವರ್ಷಕ್ಕಿಂತ ಹೆಚ್ಚು. ಮಳೆಗಾಲದ ಮೂರು ಲಕ್ಷ ಲೀಟರನ್ನು ಹಿಡಿದಿಡಲು ಟ್ಯಾಂಕ್ ಎಲ್ಲಿಂದ ತರುವುದು ಎಂಬುದು ಬೇರೆ ಮಾತು. ಆದರೂ ಆ ಅಂಕಿ ನೋಡಿ ನಾಚಿಕೆಯಾಯಿತು.

ಲೆಕ್ಕ ಕಲಿಸಿದವರೇ ಲೆಕ್ಕಕ್ಕೆ ಸಿಕ್ಕಿಬಿದ್ದದ್ದು ಎರಡನೆಯ ದಿನ. ಪಾತ್ರೆ ತೊಳೆಯುವಾಗ ನಲ್ಲಿ ನಿಲ್ಲಿಸಿ, ಅಕ್ಕಿ ತೊಳೆದ ನೀರನ್ನು ಗಿಡಕ್ಕೆ ಹಾಕಿ ಎಂದು ಹೆಂಗಸರಿಗೆ ಮುಕ್ಕಾಲು ಗಂಟೆ ಹೇಳಿದರು. ತೋಟದ ನೀರಾವರಿಗೆ ಹದಿನೈದೇ ನಿಮಿಷ. ಅದರಲ್ಲಿ ಬೇಸಿಗೆಯಲ್ಲಿ ಹನಿ ನೀರಾವರಿಯಾದರೆ ಅಡಿಕೆ ಮರವೊಂದಕ್ಕೆ ದಿನಕ್ಕೆ 16ರಿಂದ 20 ಲೀಟರ್ ಸಾಕು ಎಂಬ ಮಾತು ಬಂತು. ನಮ್ಮ ಮರ ಐದು ನೂರು. ಕಾಗದದ ಅಂಚಿನಲ್ಲಿ ಗುಣಿಸಿ ಎದ್ದು ನಿಂತೆ. “ಸರ್, ಮಿತವಾಗಿ ಕೊಟ್ಟರೂ ತೋಟಕ್ಕೆ ದಿನಕ್ಕೆ 9,000 ಲೀಟರ್. ಅದು ನಮ್ಮ ಮನೆಯ ನಲವತ್ತು ದಿನದ ನೀರು. ನಮ್ಮಲ್ಲಿರುವುದು ಸ್ಪ್ರಿಂಕ್ಲರ್, ಅದೂ ರಾತ್ರಿಯಿಡೀ ತಿರುಗುತ್ತದೆ. ಮುಸುರೆಯ ನೀರಿನಲ್ಲಿ ನಾನು ಎಷ್ಟು ಉಳಿಸಲಿ?” ಅವರು ನಕ್ಕು, “ಹನಿ ಹನಿಗೂಡಿದರೆ ಹಳ್ಳ ಅಲ್ಲವೇ ಅಮ್ಮ” ಎಂದರು. ಹಳ್ಳಕ್ಕೇ ಪಂಪು ಇಟ್ಟು ಕೂತವರ ಎದುರು ಹೇಳುವ ಗಾದೆಯೇ ಅದು? ಆ ಹೊತ್ತಿಗೆ ಗಂಡಸರಲ್ಲಿ ಅರ್ಧ ಜನ ಹೊರಗೆ ಕವಳ (ಎಲೆಅಡಿಕೆ) ಹಾಕಲು ಹೋಗಿದ್ದರು.

ಇಂಗುಗುಂಡಿಯ ಪಾಠವೂ ಬಯಲುಸೀಮೆಯ ಅಚ್ಚಿನಲ್ಲೇ ಇತ್ತು. ಎಲ್ಲಿ ಜಾಗವಿದೆಯೋ ಅಲ್ಲಿ ತೋಡಿ ಎಂದರು. ಮನೆಯ ಹಿಂದಿನ ಧರೆಯ (ಕಡಿದಾದ ಮಣ್ಣಿನ ದಿಬ್ಬದ) ನೆತ್ತಿಯ ಮೇಲೆ ಗುಂಡಿ ತೋಡಿ ನೀರು ಕುಡಿಸಿದರೆ, ಒಂದು ಆಷಾಢದ ರಾತ್ರಿ ಧರೆಯೇ ಅಡುಗೆಮನೆಗೆ ಬಂದೀತು. ಅದನ್ನೂ ಅಜ್ಜನೇ ಹೇಳಬೇಕಾಯಿತು. ತರಬೇತಿಯವರು ಅದನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡರು, ಅಷ್ಟರಮಟ್ಟಿಗೆ ಮೆಚ್ಚಬೇಕು.

ಊಟಕ್ಕೆ ಪೂರ್ತಿ ಅಂಕ. ಅಪ್ಪೆಹುಳಿ, ಹಲಸಿನ ಗುಜ್ಜೆಯ ಪಲ್ಯ, ಮಜ್ಜಿಗೆ. ಆದರೆ ಪ್ರತಿ ಎಲೆಯ ಪಕ್ಕ ಒಂದೊಂದು ಪ್ಲಾಸ್ಟಿಕ್ ಬಾಟಲಿ ನೀರು! ಅರ್ಧ ಕುಡಿದು ಬಿಟ್ಟ ಬಾಟಲಿಗಳನ್ನು ಒಟ್ಟುಮಾಡಿ ಶಾಲೆಯ ದಾಸವಾಳದ ಬುಡಕ್ಕೆ ಸುರಿದವಳು ನಾನೇ. ಇನ್ನು ಸಮಯ ಹತ್ತರಿಂದ ನಾಲ್ಕು. ಹನ್ನೊಂದೂವರೆಗೆ ಅರ್ಧ ಹೆಂಗಸರು ಮನೆಯ ಅಡುಗೆಗೆ ಎದ್ದು ಹೋದರು. ಮಧ್ಯಾಹ್ನ ಎರಡರ ಮೇಲೆ ಇಟ್ಟಿದ್ದರೆ ಎಲ್ಲರೂ ಕೂರುತ್ತಿದ್ದರು.

ಮತ್ತೆ ನಡೆದರೆ ಹೋಗಬಹುದೇ? ಹೋಗಿ, ಆದರೆ ನಿಮ್ಮ ಮನೆಯಲ್ಲಿ ಪಂಪಿನ ಸ್ವಿಚ್ ಯಾರ ಕೈಯಲ್ಲಿದೆಯೋ ಅವರನ್ನು ಕರೆದುಕೊಂಡು ಹೋಗಿ. ನೂರೈವತ್ತು ರೂಪಾಯಿ ನನಗೆ ವಸೂಲಾದದ್ದು ಕೊನೆಯಲ್ಲಿ ಕೊಟ್ಟ ಒಂದು ಹಗ್ಗದಿಂದ. ಅಡಿಗೊಂದು ಗಂಟು, ತುದಿಗೆ ಕಲ್ಲು. ವಾರಕ್ಕೊಮ್ಮೆ, ಪಂಪು ಹಾಕುವ ಮೊದಲು ಬಾವಿಗೆ ಇಳಿಬಿಟ್ಟು ಎಷ್ಟು ಗಂಟು ಒದ್ದೆಯಾಯಿತು ಎಂದು ಬರೆಯಬೇಕು. ನಾನು ಮಾವನವರ ಡೈರಿಯಲ್ಲೇ ಬರೆಯುತ್ತಿದ್ದೇನೆ. ಮೊದಲ ಭಾನುವಾರ ಒಂಬತ್ತು ಗಂಟು, ಮೂರನೆಯ ಭಾನುವಾರ ಆರು. ಆ ಪುಟವನ್ನು ನಮ್ಮ ಮನೆಯವರ ಕಾಫಿ ಲೋಟದ ಪಕ್ಕ ತೆರೆದಿಟ್ಟೆ, ಏನೂ ಹೇಳಲಿಲ್ಲ. ಈಗ ಸ್ಪ್ರಿಂಕ್ಲರ್ ರಾತ್ರಿ ಹತ್ತಕ್ಕೆ ನಿಲ್ಲುತ್ತದೆ, ಮರದ ಬುಡಗಳಿಗೆ ಸೋಗೆ ಹಾಸಿದ್ದಾರೆ. ಹನಿ ನೀರಾವರಿಯ ದರಪಟ್ಟಿಯನ್ನು ಸಾಗರ ಪೇಟೆಯಿಂದ ತಂದು ಫ್ರಿಜ್ ಮೇಲೆ ಮಡಚಿ ಇಟ್ಟಿದ್ದಾರೆ. ಮೊತ್ತ ನೋಡಿದ ದಿನದಿಂದ ಅದರ ಮಾತೆತ್ತಿಲ್ಲ.