ಫ್ಲಾರೆನ್ಸ್ ಡುವೋಮೊ: ಮೂರು ಪಾಸ್‌ಗಳಲ್ಲಿ ಯಾವುದು ಯಾರಿಗೆ?

ಮುಂಬೈಯಿಂದ ಹೊರಡುವ ಯುರೋಪ್ ಪ್ಯಾಕೇಜ್ ಟೂರ್‌ಗಳಲ್ಲಿ ಇಟಲಿಯ ಫ್ಲಾರೆನ್ಸ್‌ಗೆ ಸಿಗುವುದು ಹೆಚ್ಚೆಂದರೆ ಅರ್ಧ ದಿನ. ಡುವೋಮೊ ಎಂಬ ಮಹಾ ಚರ್ಚಿನ ಮುಂದೆ ಫೋಟೋ ತೆಗೆಸಿಕೊಂಡು ಬಸ್ ಹತ್ತುವಷ್ಟರಲ್ಲಿ ಆ ಊರು ಮುಗಿದುಹೋಗುತ್ತದೆ. ಮಾಟುಂಗಾ, ಠಾಣೆ, ಡೊಂಬಿವಿಲಿಯ ಕನ್ನಡ ಕುಟುಂಬಗಳಲ್ಲಿ ಈಗ ಟೂರಿನವರನ್ನು ಬಿಟ್ಟು ತಾವೇ ಬುಕ್ ಮಾಡಿಕೊಂಡು ಹೋಗುವವರು ಇದ್ದಾರೆ. ಡುವೋಮೊ ಟಿಕೆಟ್ ಪುಟ ತೆರೆದ ಕೂಡಲೇ ಅವರ ಮುಂದೆ ಮೂರು ಪಾಸ್‌ಗಳು ನಿಲ್ಲುತ್ತವೆ. ಅಷ್ಟು ದೂರ ಹೋಗುತ್ತಿದ್ದೇವಲ್ಲ ಎಂದು ಎಲ್ಲಕ್ಕಿಂತ ದುಬಾರಿಯದನ್ನು ಒತ್ತುವುದು ಸಹಜ. ಆದರೆ ಎಲ್ಲ ಮನೆಗೂ ಅದು ಹೊಂದುವುದಿಲ್ಲ.

ಗಿಬೆರ್ತಿ ಪಾಸ್ 15 ಯೂರೋ: ಬ್ಯಾಪ್ಟಿಸ್ಟರಿ (ದೀಕ್ಷಾಸ್ನಾನ ಕೊಡುವ ಕಟ್ಟಡ), ಮ್ಯೂಸಿಯಂ, ಈಗಿನ ಚರ್ಚಿನ ನೆಲದಡಿಯ ಹಳೆಯ ಚರ್ಚು ಸಾಂತಾ ರೆಪರಾತಾ. ಜೊತ್ತೊ ಪಾಸ್ 20 ಯೂರೋ: ಇವುಗಳ ಜೊತೆಗೆ ಗಂಟೆಗೋಪುರ. ಬ್ರುನೆಲೆಸ್ಕಿ ಪಾಸ್ 30 ಯೂರೋ: ಇವೆಲ್ಲದರ ಮೇಲೆ ಗುಮ್ಮಟ. ದರ ಆಗಾಗ ಏರುತ್ತದೆ, ಹಣ ಕಟ್ಟುವ ಮೊದಲು ಒಮ್ಮೆ ನೋಡಿಕೊಳ್ಳಿ. ಮೂರೂ ಪಾಸ್‌ಗಳು ನೀವು ಆರಿಸಿದ ದಿನದಿಂದ 3 ದಿನ ನಡೆಯುತ್ತವೆ, ಒಂದೊಂದು ಜಾಗಕ್ಕೆ ಒಂದೇ ಪ್ರವೇಶ. 7ರಿಂದ 14 ವರ್ಷದ ಮಕ್ಕಳಿಗೆ ರಿಯಾಯಿತಿ ಉಂಟು. ಮುಖ್ಯ ಚರ್ಚಿನೊಳಗೆ ಹೋಗಲು ಟಿಕೆಟ್ಟೇ ಬೇಡ, ಉದ್ದನೆಯ ಸಾಲಿನಲ್ಲಿ ನಿಲ್ಲುವ ತಾಳ್ಮೆ ಇದ್ದರೆ ಸಾಕು. ಭಾನುವಾರ ಪ್ರಾರ್ಥನೆಗೆ ಮೀಸಲು, ಅಂದು ಪ್ರವಾಸಿಗರನ್ನು ಬಿಡುವುದಿಲ್ಲ.

ಗುಮ್ಮಟಕ್ಕೆ 463 ಮೆಟ್ಟಿಲು. ಮಹಡಿಗೆ 20 ಮೆಟ್ಟಿಲೆಂದು ಹಿಡಿದರೆ 23 ಮಹಡಿ, ಲಿಫ್ಟ್ ಇಲ್ಲ. ದಾರಿ ಕಿರಿದು, ಕೆಲವೆಡೆ ತಲೆ ಬಗ್ಗಿಸಬೇಕು, ಹಿಂದೆ ಜನ ಬರುತ್ತಿರುವುದರಿಂದ ಅರ್ಧಕ್ಕೆ ತಿರುಗಿ ಇಳಿಯುವುದು ಸುಲಭವಲ್ಲ. ಹೃದಯದ ತೊಂದರೆ ಇರುವವರು, ಇಕ್ಕಟ್ಟು ಜಾಗದಲ್ಲಿ ಉಸಿರುಗಟ್ಟಿದಂತಾಗುವವರು, ಗರ್ಭಿಣಿಯರು ಹತ್ತಬಾರದು. ಮಂಡಿ ನೋವಿರುವ ಅಜ್ಜ ಅಜ್ಜಿಯರನ್ನು ಖಂಡಿತ ಹತ್ತಿಸಬೇಡಿ.

ಹಾಗಿದ್ದೂ ಕಟ್ಟಡ ಕಟ್ಟುವ ಕೆಲಸದಲ್ಲಿ ಆಸಕ್ತಿ ಇರುವವರಿಗೆ ಆ 30 ಯೂರೋ ಕಡಿಮೆಯೇ. ವಿಜಯಪುರದ ಗೋಲಗುಮ್ಮಟ ನೋಡಿ ಬೆಳೆದವರಿಗಂತೂ ಇದು ಬೇರೆಯೇ ಅನುಭವ. ಅಲ್ಲಿ ಮೂಲೆಯ ಮಿನಾರಿನೊಳಗಿಂದ ಹತ್ತಿ ಗುಮ್ಮಟದ ಬುಡಕ್ಕೆ ಬರುತ್ತೇವೆ. ಇಲ್ಲಿ ಗುಮ್ಮಟದ ಹೊಟ್ಟೆಯೊಳಗೇ ಹತ್ತುತ್ತೇವೆ. 1420ರಿಂದ 1436ರ ನಡುವೆ ವಾಸ್ತುಶಿಲ್ಪಿ ಬ್ರುನೆಲೆಸ್ಕಿ ಇದನ್ನು ನೆಲದಿಂದ ಮರದ ಆಸರೆ ಕೊಡದೆ, ಒಳಗೊಂದು ಹೊರಗೊಂದು ಎಂದು ಎರಡು ಚಿಪ್ಪುಗಳಾಗಿ ಕಟ್ಟಿಸಿದ. ಮೆಟ್ಟಿಲು ಹೋಗುವುದು ಆ ಎರಡರ ನಡುವಿನ ಸಂದಿನಲ್ಲಿ. ಮೇಲೆ ಹೋದಂತೆ ಗೋಡೆ ನಿಮ್ಮ ಮೇಲೆ ಬಾಗುತ್ತಾ ಬರುತ್ತದೆ. ಗಾರೆ ಮೆತ್ತದ ಕಡೆ ಇಟ್ಟಿಗೆಗಳನ್ನು ನೋಡಿ: ಅಡ್ಡ ಸಾಲಿನ ನಡುನಡುವೆ ನೆಟ್ಟಗೆ ನಿಲ್ಲಿಸಿದ ಇಟ್ಟಿಗೆಗಳು ಓರೆಯಾಗಿ ಮೇಲೇರುತ್ತವೆ. ಗಾರೆ ಒಣಗುವ ತನಕ ಸಾಲು ಜಾರದಂತೆ ಹಿಡಿದದ್ದು ಇವೇ. ದಾರಿಯಲ್ಲಿ ವಸಾರಿ ಮತ್ತು ಜುಕ್ಕಾರಿ ಬರೆದ ಅಂತಿಮ ತೀರ್ಪಿನ ಚಿತ್ರ ತೀರಾ ಹತ್ತಿರದಿಂದ ಕಾಣುತ್ತದೆ.

ನೋಟಕ್ಕಾಗಿ ಮಾತ್ರ ಹತ್ತುವುದಾದರೆ ಜೊತ್ತೊ ಪಾಸ್ ಮೇಲು. ಗುಮ್ಮಟದ ಮೇಲೆ ನಿಂತರೆ ಊರೆಲ್ಲ ಕಾಣುತ್ತದೆ, ಗುಮ್ಮಟವೇ ಕಾಣುವುದಿಲ್ಲ. ಗಂಟೆಗೋಪುರದಿಂದ ಅದು ಕಣ್ಣೆದುರಿಗೇ ನಿಲ್ಲುತ್ತದೆ. ಮೆಟ್ಟಿಲು 414, ಇಲ್ಲೂ ಲಿಫ್ಟ್ ಇಲ್ಲ. ಆದರೆ ನಡುವೆ ಅಗಲವಾದ ಅಂತಸ್ತುಗಳಿವೆ. ಅಲ್ಲಿ ನಿಂತು ಸುಧಾರಿಸಿಕೊಳ್ಳಬಹುದು, ಸಾಕೆನಿಸಿದರೆ ಅಲ್ಲಿಂದಲೇ ಇಳಿಯಬಹುದು. ಶಾಲೆಗೆ ಹೋಗುವ ಮಕ್ಕಳಿರುವ ಮನೆಯವರಿಗೆ ನನ್ನ ಶಿಫಾರಸು ಇದೇ.

ಮೂರೂ ಪಾಸ್‌ಗಳಲ್ಲಿ ಸೇರಿದ್ದರೂ ನಮ್ಮವರು ಬಿಟ್ಟುಬರುವುದು ಮ್ಯೂಸಿಯಂ. ಹಾಗೆ ಮಾಡಬೇಡಿ. ಬ್ಯಾಪ್ಟಿಸ್ಟರಿಯ ಹೊರಗೆ ಜನ ಮುತ್ತಿಕೊಂಡು ಫೋಟೋ ತೆಗೆಯುವ ಚಿನ್ನದ ಬಾಗಿಲು ನಕಲು. ಶಿಲ್ಪಿ ಗಿಬೆರ್ತಿ 1425ರಿಂದ 1452ರವರೆಗೆ ದುಡಿದು ಮಾಡಿದ ಅಸಲಿ ಬಾಗಿಲು ಚರ್ಚಿನ ಬೆನ್ನಿಗಿರುವ ಈ ಮ್ಯೂಸಿಯಂನಲ್ಲಿದೆ. 1966ರ ನವೆಂಬರಿನಲ್ಲಿ ಆರ್ನೊ ನದಿ ಊರೊಳಗೆ ನುಗ್ಗಿದಾಗ ಇದರ 10 ಫಲಕಗಳಲ್ಲಿ 5 ಕಿತ್ತುಬಂದಿದ್ದವು. ಜುಲೈ 26ರ ನೆರೆ ಕಂಡ ಮುಂಬೈಯವರಿಗೆ ಆ ನೀರಿನ ಬಲ ಏನೆಂದು ಹೇಳಬೇಕಿಲ್ಲ. ಗಾಜಿಗೆ ಹತ್ತಿರ ನಿಂತು ನೋಡಿ: ಹಿಂದಿನ ಕಂಬ, ಕಮಾನುಗಳು ಗೀಚಿದಷ್ಟು ತೆಳು, ಮುಂದಿನ ಮನುಷ್ಯರು ಫಲಕ ಬಿಟ್ಟು ಹೊರಗೆ ಕಾಲಿಡುವಂತೆ ದುಂಡಗೆ. ಚೌಕಟ್ಟಿನಲ್ಲಿ ಸಣ್ಣ ಸಣ್ಣ ತಲೆಗಳಿವೆ. ಅದರಲ್ಲಿ ಬೋಳುತಲೆಯದು ಗಿಬೆರ್ತಿಯೇ. ಇದೇ ಕಟ್ಟಡದಲ್ಲಿ ಮೈಕೆಲ್ಯಾಂಜೆಲೊ ಮುಪ್ಪಿನಲ್ಲಿ ಕೆತ್ತಲು ತೊಡಗಿ ತಾನೇ ಒಡೆದ ಪಿಯೆತಾ, ಅಂದರೆ ಸತ್ತ ಕ್ರಿಸ್ತನಿಗಾಗಿ ಶೋಕಿಸುವ ಶಿಲ್ಪ, ಇದೆ. ಕ್ರಿಸ್ತನ ಎಡಗಾಲು ಇಲ್ಲದಿರುವುದನ್ನು ಗಮನಿಸಿ. ಮ್ಯೂಸಿಯಂಗೆ ಎರಡು ಗಂಟೆಯಾದರೂ ಇಡಿ. ಪ್ರತಿ ತಿಂಗಳ ಮೊದಲ ಮಂಗಳವಾರ ಬಾಗಿಲು ಹಾಕಿರುತ್ತದೆ. ಹಿರಿಯರ ಜೊತೆ ಹೋಗುವವರು ಗಿಬೆರ್ತಿ ಪಾಸ್ ತೆಗೆದುಕೊಂಡು ಇಲ್ಲೇ ನೆಮ್ಮದಿಯಾಗಿ ಕಾಲ ಕಳೆಯಲಿ. ಬ್ಯಾಪ್ಟಿಸ್ಟರಿಯ ಒಳಛಾವಣಿಯ ಮೊಸಾಯಿಕ್ ದುರಸ್ತಿ 2023ರಲ್ಲಿ ಶುರುವಾಗಿದೆ, ವರ್ಷಗಟ್ಟಲೆ ಹಿಡಿಯುವ ಕೆಲಸ. ಅದಕ್ಕೆಂದೇ ಹೋಗುವವರಿಗೆ ನಿರಾಸೆಯಾಗಬಹುದು.

ಎಡವಟ್ಟಾಗುವುದು ಬುಕಿಂಗ್‌ನಲ್ಲಿ. ಗುಮ್ಮಟಕ್ಕೆ ದಿನ, ಗಂಟೆ ಮೊದಲೇ ಆರಿಸಬೇಕು, ಆಮೇಲೆ ಬದಲಾಯಿಸಲು ಬರುವುದಿಲ್ಲ. ಆದ್ದರಿಂದ ವೀಸಾ ಕೈಗೆ ಬರುವ ಮುನ್ನ ಬ್ರುನೆಲೆಸ್ಕಿ ಪಾಸ್ ಕೊಳ್ಳಬೇಡಿ. ಷೆಂಗೆನ್ ವೀಸಾ ನಿರ್ಧಾರಕ್ಕೆ ಸಾಮಾನ್ಯವಾಗಿ 15 ದಿನ, ಹೆಚ್ಚಿನ ಪರಿಶೀಲನೆ ಬೇಕಾದರೆ 45 ದಿನದವರೆಗೂ ಎಳೆಯಬಹುದು. ಅರ್ಜಿಯನ್ನು 6 ತಿಂಗಳು ಮೊದಲೇ ಹಾಕಲು ಅವಕಾಶವಿದೆ, ಮೇ ತಿಂಗಳಿಗೆ ಹೊರಡುವವರು ಅದನ್ನು ಬಳಸಿಕೊಳ್ಳಿ. ಟಿಕೆಟ್ಟನ್ನು ಡುವೋಮೊ ಆಡಳಿತದ ಸ್ವಂತ ತಾಣದಲ್ಲೇ ಕೊಳ್ಳಿ. ಸಾಲು ತಪ್ಪಿಸುತ್ತೇವೆ ಎನ್ನುವ ಮಧ್ಯವರ್ತಿಗಳು ಹೆಚ್ಚು ಹಣ ಕೀಳುತ್ತಾರೆ, ಭದ್ರತಾ ತಪಾಸಣೆಯ ಸಾಲು ಅವರಿಂದಲೂ ತಪ್ಪುವುದಿಲ್ಲ. ಕಾರ್ಡ್ ನಡೆಯದಿದ್ದರೆ ಬ್ಯಾಂಕಿನ ಆ್ಯಪ್‌ನಲ್ಲಿ ವಿದೇಶಿ ವಹಿವಾಟಿನ ಅನುಮತಿ ಆನ್ ಆಗಿದೆಯೇ ನೋಡಿ, ಹೆಚ್ಚಾಗಿ ತೊಡಕು ಅಲ್ಲೇ ಇರುತ್ತದೆ.

ಊರು ತಲುಪುವ ದಿನಕ್ಕೇ ಗುಮ್ಮಟದ ಸಮಯ ಇಟ್ಟುಕೊಳ್ಳುವುದು ಇನ್ನೊಂದು ತಪ್ಪು. ಮುಂಬೈಯಿಂದ ಫ್ಲಾರೆನ್ಸ್‌ಗೆ ನೇರ ವಿಮಾನವಿಲ್ಲ. ರೋಮ್‌ನಲ್ಲಿ ಇಳಿದರೆ ತೆರ್ಮಿನಿ ನಿಲ್ದಾಣದಿಂದ ವೇಗದ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ, ಮಿಲಾನ್‌ನಿಂದ ಎರಡು ಗಂಟೆ. ಒಂದು ಕಡೆ ತಡವಾದರೆ ಸ್ಲಾಟ್ ಹೋಯಿತು. ಮರುದಿನ ಬೆಳಗಿನ ಮೊದಲ ಸ್ಲಾಟ್ ಹಿಡಿಯಿರಿ, ಬಿಸಿಲೂ ಕಡಿಮೆ. ಗೋಪುರವನ್ನು ಇನ್ನೊಂದು ದಿನಕ್ಕಿಡಿ, 3 ದಿನ ಇದ್ದೇ ಇದೆಯಲ್ಲ. ರೈಲು ಟಿಕೆಟ್‌ನಲ್ಲಿ ಫಿರೆಂಜೆ (ಫ್ಲಾರೆನ್ಸ್‌ನ ಇಟಾಲಿಯನ್ ಹೆಸರು) ಸಾಂತಾ ಮರಿಯಾ ನೊವೆಲ್ಲಾ ಎಂದಿರಲಿ. ರಿಫ್ರೇದಿ, ಕಾಂಪೊ ದಿ ಮಾರ್ತೆ ನಿಲ್ದಾಣಗಳು ಚರ್ಚಿನಿಂದ ದೂರ.

ಭುಜ, ಮಂಡಿ ಮುಚ್ಚುವ ಉಡುಪು ಕಡ್ಡಾಯ. ಸೀರೆ, ಚೂಡಿದಾರಕ್ಕೆ ಅಡ್ಡಿಯಿಲ್ಲ. ಬಾಗಿಲಲ್ಲಿ ತಡೆಯುವುದು ಬರ್ಮುಡಾ ಹಾಕಿದ ಗಂಡಸರನ್ನು. ದೊಡ್ಡ ಬೆನ್ನುಚೀಲ ಒಳಗೆ ಬಿಡುವುದಿಲ್ಲ, ಹೋಟೆಲ್‌ನಲ್ಲೇ ಇಟ್ಟುಬನ್ನಿ. ಗುಮ್ಮಟದೊಳಗೆ ಶೌಚಾಲಯವಿಲ್ಲ, ಹತ್ತುವ ಮೊದಲೇ ಮುಗಿಸಿಕೊಳ್ಳಿ.

ಇಳಿದ ಮೇಲೆ ಸಸ್ಯಾಹಾರಿಗಳಿಗೆ ಪಾಪ್ಪಾ ಅಲ್ ಪೊಮೊದೊರೊ ಸಿಗುತ್ತದೆ: ಹಳೆಯ ಬ್ರೆಡ್ಡು ಟೊಮೆಟೊದಲ್ಲಿ ಬೇಯಿಸಿದ ಗಟ್ಟಿ ಸಾರು. ಮಾಂಸದ ಕಟ್ಟು ಹಾಕಿದ್ದಾರೆಯೇ ಎಂದು ಕೇಳಿ. ಪಾರ್ಮೆಜಾನ್ ಚೀಸ್ ಗಟ್ಟಿಯಾಗಲು ಕರುವಿನ ಜಠರದಿಂದ ತೆಗೆದ ರೆನೆಟ್ ಹಾಕುತ್ತಾರೆ. ಕಟ್ಟುನಿಟ್ಟಿನವರು ಚೀಸ್ ಬೇಡವೆಂದು ಮೊದಲೇ ಹೇಳಬೇಕು. ಅಲ್ಲಿನ ಬ್ರೆಡ್ಡಿಗೆ ಉಪ್ಪು ಹಾಕುವುದಿಲ್ಲ. ಬಿಲ್‌ನಲ್ಲಿ ಕೊಪೆರ್ತೊ ಎಂದು ತಲೆಗಿಷ್ಟು ಸೇರಿಸಿದ್ದರೆ ಜಗಳ ಬೇಡ, ಕುಳಿತು ತಿನ್ನುವುದಕ್ಕೆ ಹಾಕುವ ಶುಲ್ಕ ಅದು. ಬಾಟಲಿ ನೀರಿಗೂ ದುಡ್ಡು ಸುರಿಯಬೇಕಿಲ್ಲ: ಪಿಯಾತ್ಸಾ ದೆಲ್ಲಾ ಸಿನ್ಯೋರಿಯಾದಲ್ಲಿ ನೆಪ್ಚೂನ್ ಕಾರಂಜಿಯ ಹತ್ತಿರ ನಗರಸಭೆಯ ಕುಡಿಯುವ ನೀರಿನ ನಲ್ಲಿ ಇದೆ, ಖಾಲಿ ಬಾಟಲಿ ಜೊತೆಗಿಟ್ಟುಕೊಂಡಿರಿ.