ಖಾಲಿ ಲಾರಿಯ ತೂಕ ಕಳೆದ ಮೇಲೆ

ವೇಬ್ರಿಡ್ಜಿನಲ್ಲಿ ಹದಿನೆಂಟು ವರ್ಷ ಕುಳಿತವನಿಗೆ ಒಂದು ಚಟ ಅಂಟಿಕೊಳ್ಳುತ್ತದೆ. ತುಂಬಿದ ಲಾರಿಯ ತೂಕವನ್ನು ಯಾರು ಹೇಳಿದರೂ, ಖಾಲಿ ಲಾರಿಯದೆಷ್ಟು ಎಂದು ಕೇಳುತ್ತಾನೆ. ಅಕ್ಕನ ಮಗ ಬಂದು 'ಡಾರ್ಕ್' ಸರಣಿಯ ಮೂರನೇ ಸೀಸನ್ನಿಗೆ ಸಮನಾದದ್ದು ಇನ್ನೊಂದಿಲ್ಲ ಎಂದಾಗಲೂ ನಾನು ಕೇಳಿದ್ದು ಅದನ್ನೇ. "ಮೊದಲೆರಡು ಸೀಸನ್ನಿನ ಮೇಲೆ ನಿನಗಿರುವ ಪ್ರೀತಿಯನ್ನು ಕಳೆದು ಹೇಳು, ಎಷ್ಟು ಉಳಿಯಿತು?"

"ಮಾವ, ನಿಮ್ಮ ಹತ್ತಿರ ಸಿನಿಮಾ ಮಾತನಾಡುವುದೂ ಒಂದೇ, ಅದಿರು ಮಾರುವುದೂ ಒಂದೇ" ಎಂದ.

ಆದರೂ ಪಂದ್ಯ ಕಟ್ಟಿದ. ಅವನ ಕಡೆಯಿಂದ 'ಡಾರ್ಕ್' ಮೂರನೇ ಸೀಸನ್, ನನ್ನ ಕಡೆಯಿಂದ 'ದಿ ಎಕ್ಸ್‌ಪಾನ್ಸ್' ನಾಲ್ಕನೇ ಸೀಸನ್. ಇಬ್ಬರ ಪಕ್ಷಕ್ಕೂ ಸೇರದ ಮೂರನೆಯದಾಗಿ 'ವೆಸ್ಟ್‌ವರ್ಲ್ಡ್' ಮೂರನೇ ಸೀಸನ್. ಬಳ್ಳಾರಿಯ ಏಪ್ರಿಲ್ ತಿಂಗಳು. ಹಗಲು ಹೊರಗೆ ಕಾಲಿಡುವಂತಿಲ್ಲ, ರಾತ್ರಿ ಹತ್ತಾದರೂ ಗೋಡೆ ಮುಟ್ಟಿದರೆ ಬಿಸಿ. ಊಟ ಮುಗಿಸಿ ಕೂಲರಿನ ಮುಂದೆ ಕುಳಿತರೆ ಹನ್ನೊಂದರ ತನಕ ನೋಡುವುದು. ಪ್ರತಿ ಸರಣಿಯ ಮೊದಲ ಸೀಸನ್ನಿನ ಮೊದಲ ಕಂತನ್ನು ಮತ್ತೊಮ್ಮೆ ನೋಡಬೇಕು, ಅದು ಖಾಲಿ ಲಾರಿ. ಆಮೇಲೆ ನೇರವಾಗಿ ಪರೀಕ್ಷೆಯ ಸೀಸನ್. ನೋಡುವಾಗ ಕೈ ತಾನಾಗಿ ಮೊಬೈಲಿನ ಕಡೆಗೆ ಹೋದರೆ, ಹಳೆಯ ಟ್ರಿಪ್ ಶೀಟಿನ ಹಿಂಬದಿಯಲ್ಲಿ ಒಂದು ಗೀಟು. ವಿಮರ್ಶಕರ ಬಾಯಿಗಿಂತ ಕೈ ಹೆಚ್ಚು ನಿಜ ಹೇಳುತ್ತದೆ ಎಂಬುದು ನನ್ನ ನಂಬಿಕೆ.

'ವೆಸ್ಟ್‌ವರ್ಲ್ಡ್' ಮೊದಲು ಸೋತಿತು. 2016ರ ಮೊದಲ ಕಂತು ಇಂದಿಗೂ ಎದೆಗೆ ನಾಟುತ್ತದೆ. ಶ್ರೀಮಂತರು ಮೋಜಿಗೆ ಬರುವ ಒಂದು ಉದ್ಯಾನದಲ್ಲಿ ಯಂತ್ರದ ಹುಡುಗಿ ಡೊಲೊರೆಸ್ ಪ್ರತಿ ಬೆಳಗ್ಗೆ ಎಲ್ಲವನ್ನೂ ಮರೆತು ಏಳುತ್ತಾಳೆ. ನಿನ್ನೆ ಅವಳಿಗೆ ಆದದ್ದು ಅವಳಿಗೆ ನೆನಪಿಲ್ಲ, ನಮಗೆ ನೆನಪಿದೆ. ಆ ಭಾರವನ್ನು ನಾವು ಹೊರುತ್ತೇವೆ. 2020ರ ಮಾರ್ಚಿನಲ್ಲಿ ಬಂದ ಎಂಟು ಕಂತುಗಳ ಮೂರನೇ ಸೀಸನ್ನಿಗೆ ಬಂದರೆ ಕಥೆ ಉದ್ಯಾನ ಬಿಟ್ಟು ನಗರಕ್ಕೆ ಇಳಿದಿದೆ. ಹೊಳೆಯುವ ಕಟ್ಟಡಗಳು, ತಾವಾಗಿ ಓಡುವ ಕಾರುಗಳು, ಜಗತ್ತಿನ ಪ್ರತಿಯೊಬ್ಬರ ಹಣೆಬರಹವನ್ನು ಮೊದಲೇ ಬರೆದಿಡುವ ರೆಹೊಬೊಮ್ ಎಂಬ ಯಂತ್ರ. ಕಟ್ಟಡ ಕಾರ್ಮಿಕ ಕೇಲೆಬ್ ಕೆಲಸಕ್ಕಾಗಿ ಫೋನಿನಲ್ಲಿ ಮಾತನಾಡುತ್ತಾನೆ, ಆ ಕಡೆಯ ಮೃದು ದನಿ ಮನುಷ್ಯನದಲ್ಲ ಎಂದು ಅವನಿಗೆ ಹೊಳೆಯುತ್ತದೆ. ಆ ದೃಶ್ಯಕ್ಕೆ ನನ್ನ ಪೂರ್ತಿ ಅಂಕ. ಆದರೆ ಒಬ್ಬಳೇ ಡೊಲೊರೆಸ್ ಹಲವು ಮೈಗಳೊಳಗೆ ಹಂಚಿಹೋದ ಮೇಲೆ, ಒಂದು ಮೈ ಹೋದರೆ ಇನ್ನೊಂದು ಮೈ ತಯಾರಾಗುವುದಾದ ಮೇಲೆ, ಗುಂಡು ಯಾರಿಗೆ ತಗುಲಿದರೆ ನನಗೇನು? ಮಳೆಗಾಲದಲ್ಲಿ ನೆನೆದ ಅದಿರು ವೇಬ್ರಿಡ್ಜಿನ ಮೇಲೆ ಭಾರ ತೋರಿಸುತ್ತದೆ. ತೇವ ಕಳೆದು ನೋಡಿದಾಗ ಅಸಲು ಗೊತ್ತಾಗುತ್ತದೆ. ಇದು ಅಂಥದ್ದು. ನನ್ನವು ಇಪ್ಪತ್ತೊಂದು ಗೀಟು. ಅಕ್ಕನ ಮಗ ಐದನೇ ಕಂತಿನಲ್ಲಿ ಗೀಟು ಹಾಕುವುದನ್ನೇ ಬಿಟ್ಟು ನಿದ್ದೆ ಹೋಗಿದ್ದ.

'ಡಾರ್ಕ್' ಅಷ್ಟು ಸುಲಭದಲ್ಲಿ ಬಗ್ಗುವ ಆಸಾಮಿಯಲ್ಲ. ಜರ್ಮನಿಯ ವಿಂಡೆನ್ ಎಂಬ ಕಲ್ಪಿತ ಊರು, ಒಂದು ಗುಹೆ, ಮೂವತ್ತಮೂರು ವರ್ಷಕ್ಕೊಮ್ಮೆ ತಿರುಗುವ ಕಾಲಚಕ್ರ: 1953, 1986, 2019. ಕಥೆಯೊಳಗೆ ಪ್ರಳಯ ನಿಗದಿಯಾಗಿದ್ದದ್ದು 2020ರ ಜೂನ್ 27ಕ್ಕೆ. ಮೂರನೇ ಸೀಸನ್ ಬಿಡುಗಡೆಯಾದದ್ದೂ ಅದೇ ದಿನ. ಲಾಕ್‌ಡೌನಿನ ಕಾಲದಲ್ಲಿ ಆ ತಾರೀಕು ನೋಡಿ ಮೈ ಜುಮ್ಮೆಂದದ್ದು ನಿಜ. ಆದರೆ ಆ ಜುಮ್ಮೆನ್ನುವುದನ್ನೂ ಈಗ ಕಳೆಯಬೇಕಲ್ಲ.

ಕಳೆದರೆ ಉಳಿಯುವುದೇನು? ಮೊದಲ ಸೀಸನ್ನಿನಲ್ಲಿ ಯಾರು ಯಾರ ಮಗ, ಯಾರು ಯಾರ ಅಜ್ಜ ಎಂದು ಬರೆದುಕೊಳ್ಳಲು ಒಂದು ಹಾಳೆ ಸಾಕಿತ್ತು. ಮೂರನೆಯದರಲ್ಲಿ ಇನ್ನೊಂದು ಲೋಕವೇ ಬಂದು ಎಲ್ಲರೂ ಎರಡೆರಡಾದಾಗ ನನ್ನ ಹಾಳೆ ಪಹಣಿಯ ತಕರಾರಿನಂತಾಯಿತು. ನಡುವಿನ ಕಂತುಗಳಲ್ಲಿ ಮುದುಕರು ಕತ್ತಲಕೋಣೆಗಳಲ್ಲಿ ನಿಂತು "ಎಲ್ಲವೂ ಮತ್ತೆ ನಡೆಯುತ್ತದೆ" ಎಂಬುದನ್ನೇ ಬೇರೆ ಬೇರೆ ಮಾತುಗಳಲ್ಲಿ ಹೇಳುತ್ತಾರೆ. ನನ್ನ ಗೀಟುಗಳೆಲ್ಲ ಅಲ್ಲಿಯೇ ಬಿದ್ದವು. ಕೊನೆಯ ಕಂತು ಮಾತ್ರ ಬೇರೆ. ಸರಣಿ ಮೊದಲಿನಿಂದ ಹಾಕಿಕೊಂಡಿದ್ದ ಕರಾರು ಒಂದೇ, ಏನನ್ನೂ ಬದಲಿಸಲಾಗದು. ಕೊನೆಗೆ ಅದನ್ನು ಮುರಿಯುತ್ತಾರೆ, ಆದರೆ ಬಿಟ್ಟಿ ಮುರಿಯುವುದಿಲ್ಲ. ಗಂಟು ಬಿಚ್ಚಬೇಕಾದರೆ ಬಿಚ್ಚುವವರೇ ಇಲ್ಲವಾಗಬೇಕು. ಕಥೆಯ ಪ್ರೇಮಿಗಳಾದ ಜೋನಾಸ್ ಮತ್ತು ಮಾರ್ತಾ ಸುಮ್ಮನೆ ನಿಂತು ಬೆಳಕಿನ ಕಣಗಳಾಗುವುದನ್ನು ಎರಡನೇ ಸಲ ನೋಡುವಾಗಲೂ ಕೈ ಎಲ್ಲಿಗೂ ಹೋಗಲಿಲ್ಲ. ಒಂಬತ್ತು ಗೀಟು. ಅಕ್ಕನ ಮಗನದು ಸೊನ್ನೆ ಎಂದ. ನಾನು ನಂಬಲಿಲ್ಲ.

ಇನ್ನು ನನ್ನ ಪಕ್ಷ. 'ದಿ ಎಕ್ಸ್‌ಪಾನ್ಸ್' ಮನುಷ್ಯರು ಮಂಗಳ, ಕ್ಷುದ್ರಗ್ರಹಗಳ ತನಕ ಹರಡಿ ನೆಲೆಸಿದ ಕಾಲದ ಕಥೆ. ಮೂರನೇ ಸೀಸನ್ ಓಡುತ್ತಿರುವಾಗಲೇ 2018ರ ಮೇ ತಿಂಗಳಲ್ಲಿ ಸೈಫೈ ಚಾನೆಲ್ ಅದನ್ನು ನಿಲ್ಲಿಸುವುದಾಗಿ ಹೇಳಿತು. ಅಭಿಮಾನಿಗಳು ಅಮೆಜಾನಿನ ಸ್ಟುಡಿಯೋ ಮೇಲೆ ಬ್ಯಾನರ್ ಕಟ್ಟಿದ ವಿಮಾನವನ್ನೇ ಹಾರಿಸಿದರು. ಅದೇ ತಿಂಗಳು ಅಮೆಜಾನ್ ಕೈಹಿಡಿಯಿತು. 2019ರ ಡಿಸೆಂಬರಿನಲ್ಲಿ ಹತ್ತು ಕಂತುಗಳ ನಾಲ್ಕನೇ ಸೀಸನ್ ಬಂತು. ಕೈ ಬದಲಾದ ಗಣಿಯಲ್ಲಿ ಹಳೆಯ ಲೆಕ್ಕ ಹಾಗೆಯೇ ನಡೆಯುವುದು ಅಪರೂಪ. ಇಲ್ಲಿ ನಡೆದಿದೆ.

ಮೊದಲ ಕಂತಿನ ಒಂದು ದೃಶ್ಯ ನೋಡಿ. ಕ್ಷುದ್ರಗ್ರಹಗಳ ಪಟ್ಟಿಯಲ್ಲಿ ಹುಟ್ಟಿ ಬೆಳೆದ ಬೆಲ್ಟರ್ ಒಬ್ಬನನ್ನು ಭೂಮಿಗೆ ತಂದು ಕೊಕ್ಕೆಗಳಿಗೆ ತೂಗುಹಾಕಿದ್ದಾರೆ. ಯಾರೂ ಹೊಡೆಯುತ್ತಿಲ್ಲ, ಭೂಮಿಯ ಗುರುತ್ವವೇ ಚಿತ್ರಹಿಂಸೆ. ಈಗ ನಾಲ್ಕನೇ ಸೀಸನ್ನಿಗೆ ಬನ್ನಿ. ಬಾಹ್ಯಾಕಾಶದಲ್ಲಿ ತೆರೆದ ಉಂಗುರದಾಕಾರದ ದ್ವಾರದ ಆಚೆ 1,300ಕ್ಕೂ ಹೆಚ್ಚು ಸೌರಮಂಡಲಗಳು ತೆರೆದುಕೊಂಡಿವೆ. ಇಲಸ್ ಎಂಬ ಗ್ರಹಕ್ಕೆ ಇಳಿಯಬೇಕು. ಬೆಲ್ಟರ್ ಮೂಲದ ಇಂಜಿನಿಯರ್ ನಯೋಮಿ ತಿಂಗಳುಗಟ್ಟಲೆ ಔಷಧಿ ತೆಗೆದುಕೊಂಡು ಮೈ ಪಳಗಿಸುತ್ತಾಳೆ. ಜೀವನದಲ್ಲಿ ಮೊದಲ ಸಲ ತೆರೆದ ಆಕಾಶದ ಕೆಳಗೆ ನಿಲ್ಲುತ್ತಾಳೆ. ಮೈ ಒಪ್ಪುವುದಿಲ್ಲ, ಕುಸಿದು ಮತ್ತೆ ಹಡಗಿಗೆ ಹೋಗಬೇಕಾಗುತ್ತದೆ. ಬೇರೆ ಸರಣಿಯಾಗಿದ್ದರೆ ಒಂದು ಸೂಜಿಯಲ್ಲಿ ಮುಗಿಸಿಬಿಡುತ್ತಿದ್ದರು. ಮೊದಲ ಸೀಸನ್ನಿನಲ್ಲಿ ನಿಗದಿಯಾದ ದರಕ್ಕೇ ನಾಲ್ಕನೆಯದರಲ್ಲೂ ಮಾಲು ತೂಗುತ್ತಾರೆ, ರಿಯಾಯಿತಿ ಇಲ್ಲ. ಮುಂದಿನ ಸೀಸನ್ನಿನಲ್ಲಿ ನಾನು ಹುಡುಕುವುದು ಇದನ್ನೇ.

ಅಕ್ಕನ ಮಗನ ಆಕ್ಷೇಪಗಳೂ ಸುಳ್ಳಲ್ಲ. ಮೊದಲ ಮೂರು ಕಂತು ಎತ್ತಿನ ಗಾಡಿಯ ವೇಗ. ಇಲಸ್ಸಿಗೆ ಬಂದ ಕಂಪನಿಯ ಭದ್ರತಾ ಮುಖ್ಯಸ್ಥ ಮರ್ಟ್ರಿ ಬಂದ ಗಳಿಗೆಯಿಂದಲೇ ಖಳನಾಯಕ, ಒಳಗೆ ಇನ್ನೊಂದು ಪದರವಿಲ್ಲ. ಆಸ್ಫೋಟ, ಪ್ರವಾಹ, ಕಣ್ಣು ಕುರುಡಾಗಿಸುವ ಸೂಕ್ಷ್ಮಜೀವಿ, ಮುಟ್ಟಿದರೆ ಸಾಯಿಸುವ ಹುಳು, ಒಂದರ ಹಿಂದೆ ಒಂದು. ಭೂಮಿಯ ಚುನಾವಣೆಯ ಎಳೆಗೆ ನನ್ನವೇ ಏಳು ಗೀಟು ಬಿದ್ದವು. ಭೂಮಿಯ ಮುಖ್ಯಸ್ಥೆ ಅವಸರಾಲಾಳ ಸೀರೆಗಳನ್ನು ನೋಡುತ್ತಾ ಕಾಲ ಕಳೆದೆ.

ಆದರೆ ಇಲಸ್ಸಿನ ಜಗಳ ನನಗೆ ಪರದೇಶದ್ದೆನಿಸಲಿಲ್ಲ. ಗುರುವಿನ ಉಪಗ್ರಹ ಗ್ಯಾನಿಮೀಡಿನಿಂದ ನಿರಾಶ್ರಿತರಾಗಿ ಬಂದವರು ಮೊದಲೇ ಬೀಡುಬಿಟ್ಟು ಲಿಥಿಯಂ ಅಗೆಯುತ್ತಿದ್ದಾರೆ. ಹಿಂದಿನಿಂದ ಬಂದ ಕಂಪನಿಯ ಕೈಯಲ್ಲಿ, ಕಥೆಯಲ್ಲಿ ಭೂಮಿಯನ್ನು ಆಳುವ ವಿಶ್ವಸಂಸ್ಥೆಯ ಪರವಾನಗಿ. ಅಗೆದವರ ಅದಿರೋ, ಕಾಗದ ಇದ್ದವರ ಅದಿರೋ? ಸಂಡೂರಿನ ದಾರಿಯಲ್ಲಿ ಪರ್ಮಿಟ್ಟುಗಳನ್ನು ತಿರುವಿ ಹಾಕಿದವರು ಈ ಪ್ರಶ್ನೆಯನ್ನು ಬಲ್ಲರು. ವ್ಯತ್ಯಾಸವೆಂದರೆ, ನಮ್ಮಲ್ಲಿ ಎಷ್ಟೋ ಸಲ ಬೀಡೂ ಕಾಗದವೂ ಎರಡೂ ಸರಿಯಿರಲಿಲ್ಲ.

ಗಣಿಗಿಂತ ಹೆಚ್ಚಾಗಿ ಹಿಡಿದದ್ದು ಮಂಗಳದ ಎಳೆ. ತಲೆಮಾರುಗಳಿಂದ ಮಂಗಳವನ್ನು ಹಸಿರಾಗಿಸುತ್ತೇವೆಂದು ದುಡಿದವರಿಗೆ ಸಿದ್ಧ ಗ್ರಹಗಳೇ ಸಿಕ್ಕಿದ ಮೇಲೆ ಕೆಲಸಕ್ಕೆ ಅರ್ಥವಿಲ್ಲ. ಯೋಧೆ ಬಾಬಿ ಈಗ ಹಳೆಯ ಯುದ್ಧನೌಕೆಗಳನ್ನು ಒಡೆಯುವ ಕಡೆ ಕೂಲಿ, ಅಲ್ಲಿಂದ ಬಿಡಿಭಾಗಗಳು ಕಳ್ಳದಾರಿಯಲ್ಲಿ ಮಾರಾಟವಾಗುತ್ತವೆ. ಆ ಹ್ಯಾಂಗರ್ ಪರದೆಯ ಮೇಲೆ ಬಂದಾಗ ನನಗೆ ಕಂಡದ್ದು 2011. ಆ ಜುಲೈ ಕೊನೆಯಲ್ಲಿ ಸುಪ್ರೀಂ ಕೋರ್ಟ್ ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ನಿಲ್ಲಬೇಕಾದದ್ದೇ, ಅದರಲ್ಲಿ ನನಗೆ ಎರಡು ಮಾತಿಲ್ಲ. ಭಾವನ ಎರಡು ಟಿಪ್ಪರ್‌ಗಳು ಬಯಲಿನಲ್ಲಿ ಸಾಲಾಗಿ ನಿಂತವು. ಕೆಂಪು ಧೂಳಿನ ಮೇಲೆ ಮಳೆ ಬಿದ್ದು, ಗಾಜಿನ ಮೇಲೆ ಕೆಂಪು ಗೆರೆ ಇಳಿದಿತ್ತು. ಸಾಲದ ಕಂತು ಮಾತ್ರ ನಿಲ್ಲಲಿಲ್ಲ.

ಅಕ್ಕನ ಮಗನಿಗೆ ಆಗ ಹತ್ತು ವರ್ಷ. ಬಾಬಿಯ ಎಳೆ ಬಂದಾಗಲೆಲ್ಲ ಅವನ ಗೀಟು ನಿಂತಿರುವುದನ್ನು ನಾನು ಗಮನಿಸಿದ್ದೆ, ಹೇಳಿರಲಿಲ್ಲ. ಒಟ್ಟು ಲೆಕ್ಕದಲ್ಲಿ ನನ್ನ ಪಕ್ಷಕ್ಕೆ ಹನ್ನೊಂದು ಗೀಟು, 'ಡಾರ್ಕ್'ಗಿಂತ ಎರಡು ಹೆಚ್ಚು. "ಸೋತಿರಿ ಮಾವ" ಎಂದ. ಗೀಟಿನ ಲೆಕ್ಕದಲ್ಲಿ ಸೋತೆ, ಒಪ್ಪಿದೆ. ಆದರೆ ಮತ್ತೊಮ್ಮೆ ನೋಡು ಎಂದರೆ ನಾನು ಇದನ್ನೇ ನೋಡುತ್ತೇನೆ ಎಂದೆ.

ಅವನು ರಿಮೋಟ್ ಹಿಡಿದು ಸ್ವಲ್ಪ ಹೊತ್ತು ಸುಮ್ಮನಿದ್ದ.

"ಅಪ್ಪನ ಎರಡನೇ ಗಾಡಿ ಎಷ್ಟಕ್ಕೆ ಹೋಯಿತು?"

ಹೇಳಿದೆ.

"ಅಷ್ಟೇನಾ?"

"ಟೈರುಗಳನ್ನು ಮೊದಲೇ ಮಾರಿದ್ದರು" ಎಂದೆ. ಅವನು ಐದನೇ ಸೀಸನ್ ಹಾಕಿದ.