ಪಾಲು ಬಿಟ್ಟೆ, ಸಾಲ ನನ್ನನ್ನು ಬಿಡಲಿಲ್ಲ

ಗೆಳೆಯರ ಜೊತೆ ಪಾಲಿನಲ್ಲಿ ಮಗ್ಗ ನಡೆಸುವವರು, ಅದರಲ್ಲೂ ಪಾಲು ಬಿಟ್ಟು ಹೊರಗೆ ಬರುವ ಯೋಚನೆ ಇರುವವರು, ಇದನ್ನೊಮ್ಮೆ ಓದಿ.

2016ರಲ್ಲಿ ನಾನು, ನನ್ನ ಶಾಲೆಯ ಗೆಳೆಯ, ಅವನ ಅಣ್ಣ ಸೇರಿ ಬನಹಟ್ಟಿಯಲ್ಲಿ ಎಂಟು ಪವರ್‌ಲೂಮ್ ಹಾಕಿದೆವು. ಬಾಂಡ್ ಪೇಪರ್ ಮೇಲೆ ಪಾಲುಪತ್ರ ಆಯಿತು. ಫರ್ಮ್ ನೋಂದಣಿ ಮಾತ್ರ ಮಾಡಿಸಲಿಲ್ಲ. ಕಡ್ಡಾಯ ಇಲ್ಲವಲ್ಲ, ಸುಮ್ನೆ ಯಾಕೆ ಓಡಾಟ ಅಂದುಕೊಂಡೆವು. ಕಡ್ಡಾಯ ಇಲ್ಲ ಅನ್ನೋದು ನಿಜವೇ. ಆದರೆ ಉದ್ರಿ ಸೀರೆ ಒಯ್ದ ವ್ಯಾಪಾರಿಯೊಬ್ಬ ಎರಡೂವರೆ ಲಕ್ಷ ಕೊಡದೆ ಕೈ ಎತ್ತಿದಾಗ ವಕೀಲರು ಮೊದಲು ಕೇಳಿದ್ದೇ, "ನೋಂದಣಿ ಎಲ್ಲೈತ್ರಿ?" ಅಂತ. ನೋಂದಣಿ ಇಲ್ಲದ ಫರ್ಮ್ ಇಂಥ ಬಾಕಿಗೆ ಹೊರಗಿನವರ ಮೇಲೆ ದಾವೆ ಹಾಕುವಂತಿಲ್ಲ. 1932ರ ಪಾಲುದಾರಿಕೆ ಕಾಯ್ದೆಯ 69ನೇ ಕಲಂ. ಹೊರಗಿನವರು ಮಾತ್ರ ನಮ್ಮ ಮೇಲೆ ಧಾರಾಳವಾಗಿ ಹಾಕಬಹುದು! ನೂರು ರೂಪಾಯಿ ದಾಟದ ದಾವೆಗೆ ಒಂದಿಷ್ಟು ವಿನಾಯಿತಿ ಇದೆ. ನೂರು ರೂಪಾಯಿಗೆ ಈಗ ಸೀರೆಯ ಸೆರಗೂ ಬರಲ್ಲ.

ಆ ರೊಕ್ಕ ಹೋಯಿತು. ಯಾರ ತಪ್ಪು ಅಂತ ಮಾತು ಬೆಳೆಯಿತು. 2021ರ ದೀಪಾವಳಿಗೆ ಲಕ್ಷ್ಮಿ ಪೂಜೆ ಮುಗಿಸಿ, ಲೆಕ್ಕ ಚುಕ್ತಾ ಮಾಡಿ ನನ್ನ ಪಾಲನ್ನು ಅವರಿಬ್ಬರಿಗೇ ಬಿಟ್ಟುಕೊಟ್ಟೆ. ಮತ್ತೊಂದು ಬಾಂಡ್ ಪೇಪರ್, ಮೂರು ಸಹಿ, ಪೇಢೆ. "ಇನ್ನ ಮ್ಯಾಲಿನ ಸಾಲ ಎಲ್ಲಾ ನಮ್ಮದು, ನೀ ಆರಾಮ ಇರು ದೋಸ್ತ" ಅಂದ ಗೆಳೆಯ. ಪತ್ರದಲ್ಲೂ ಹಾಗೇ ಬರೆಸಿದ್ದೆವು.

2023ರಲ್ಲಿ ನೂಲಿನ ವ್ಯಾಪಾರಿಯ ವಕೀಲರಿಂದ ನೋಟಿಸ್ ಬಂತು. 4,60,000 ರೂಪಾಯಿ. ಎಲ್ಲಾ ನಾನು ಬಿಟ್ಟ ಮೇಲೆ ಒಯ್ದ ನೂಲು. ಬಾಂಡ್ ಪೇಪರ್ ಹಿಡಿದು ಅವರ ಅಂಗಡಿಗೆ ಓಡಿದೆ. ಅವರು ಸಿಟ್ಟಾಗಲಿಲ್ಲ. ಫೈಲಿನಿಂದ ನಮ್ಮ ಫರ್ಮಿನ ಹೆಸರು ಅಚ್ಚಾದ ಚೀಟಿ ಬುಕ್ಕಿನ ಒಂದು ಚೀಟಿ ತೆಗೆದು ಮುಂದಿಟ್ಟರು. ಮೇಲೆ ಮೂವರ ಹೆಸರು, ನನ್ನ ಹೆಸರಿನ ಕೆಳಗೆ ನನ್ನದೇ ಮೊಬೈಲ್ ನಂಬರ್. "ನೀವು ಬಿಟ್ಟಿದ್ದು ನಮಗ ಯಾರ್ ಹೇಳ್ಯಾರ್ರಿ ಸಾವಕಾರ್ರ? ನಿಮ್ಮ ಮಾರಿ ನೋಡೇ ಉದ್ರಿ ಕೊಟ್ಟೀನಿ." ಆ ಬುಕ್ ಮಾಡಿಸಿದ್ದು ನಾನೇ. ಹತ್ತು ಬುಕ್ ಒಮ್ಮೆಗೆ ಪ್ರಿಂಟ್ ಹಾಕಿಸಿದರೆ ಅಗ್ಗ ಅಂತ ಪ್ರೆಸ್ಸಿನವರ ಜೊತೆ ಚೌಕಾಸಿ ಬೇರೆ ಮಾಡಿದ್ದೆ.

ವಕೀಲರು ಹೇಳಿದ್ದು ಇಷ್ಟು. ನಮ್ಮ ಪತ್ರ ನಮ್ಮ ಮೂವರ ನಡುವೆ ಮಾತ್ರ. ಪಾಲುದಾರ ಬಿಟ್ಟ ಅಂತ ಸಾರ್ವಜನಿಕ ನೋಟಿಸ್ ಕೊಡುವ ತನಕ, ಅವನನ್ನು ಪಾಲುದಾರ ಅಂತಲೇ ತಿಳಿದು ವ್ಯವಹಾರ ಮಾಡಿದವರಿಗೆ ಅವನೂ ಹೊಣೆ. ಅದು ಅದೇ ಕಾಯ್ದೆಯ 32ನೇ ಕಲಂ. ಅದೂ ಮೂರನೇ ಒಂದು ಪಾಲಿಗಲ್ಲ, ಪೂರ್ತಿ ಬಾಕಿಯನ್ನು ನನ್ನೊಬ್ಬನಿಂದಲೇ ಕೇಳಬಹುದು. ಆ ನೋಟಿಸ್ ಅಂದರೆ ರಾಜ್ಯಪತ್ರದಲ್ಲಿ, ಅಂದರೆ ಸರ್ಕಾರದ ಗೆಜೆಟ್‌ನಲ್ಲಿ, ಒಂದು ಪ್ರಕಟಣೆ, ಜಿಲ್ಲೆಯಲ್ಲಿ ಓದುವ ಕನ್ನಡ ಪತ್ರಿಕೆಯಲ್ಲಿ ಒಂದು. ನೋಂದಣಿ ಆದ ಫರ್ಮ್ ಆದರೆ ಫರ್ಮ್‌ಗಳ ರಿಜಿಸ್ಟ್ರಾರ್‌ಗೂ ತಿಳಿಸಬೇಕು. ಬಿಟ್ಟ ವಾರವೇ ನೂಲಿನವರಿಗೆ, ಬ್ಯಾಂಕಿಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಒಂದೊಂದು ಪತ್ರ ಹಾಕಿದ್ದರೂ ಎಷ್ಟೋ ಆಸರೆ ಆಗುತ್ತಿತ್ತು.

ಜಿಎಸ್‌ಟಿಯದು ಇನ್ನೊಂದು ಕಥೆ. ಬಿಟ್ಟ ಒಂದು ತಿಂಗಳೊಳಗೆ ಇಲಾಖೆಗೆ ಬರೆದು ತಿಳಿಸದಿದ್ದರೆ, ತಿಳಿಸುವ ದಿನದವರೆಗಿನ ತೆರಿಗೆಗೂ ನಾವು ಹೊಣೆ. ಹೋಗಿ ನೋಡಿದರೆ ಅಲ್ಲೂ ನನ್ನ ಹೆಸರು ಹಾಗೇ ಇತ್ತು. ಪುಣ್ಯಕ್ಕೆ ಬಾಕಿ ಇರಲಿಲ್ಲ.

ಕೋರ್ಟಿಗೆ ಹೋಗುವ ಮೊದಲೇ ಹಿರಿಯರನ್ನು ಕೂಡಿಸಿ ಮಾತಾಡಿದೆವು. ನನ್ನ ಪಾಲಿಗೆ ಒಂದೂವರೆ ಲಕ್ಷ ಬಂತು. ತಿಂಗಳಿಗೆ ಹತ್ತು ಸಾವಿರ ಕಟ್ಟುತ್ತಿದ್ದೇನೆ. ಗೆಳೆಯ ಎದುರು ಸಿಕ್ಕರೆ ಈಗಲೂ "ಚಹಾ ಕುಡಿಯೋಣ ಬಾ" ಅನ್ನುತ್ತಾನೆ. ಹೋದ ತಿಂಗಳು ಹೋಗಿದ್ದೆ. ಮೇಜಿನ ಮೇಲೆ ಅದೇ ಚೀಟಿ ಬುಕ್ ಇತ್ತು! ಚಹಾ ಕುಡಿದು, ಉಳಿದಿದ್ದ ಮೂರೂ ಬುಕ್ ಕೇಳಿ ಮನೆಗೆ ತಂದೆ. ಈಗ ಮಗ ಅವುಗಳ ಹಿಂಬದಿಯಲ್ಲಿ ಗಣಿತ ಮಾಡುತ್ತಾನೆ.